ಕೇಳಿಸಿದ ಕರೆ

ಮಠದ ಪೂಜ್ಯ ತಾತನವರಿಗೆ ಸಂತೆಕಲ್ಲೂರಿನ ಮಹೇಶ್ವರಿಯ ಶರಣು.

ಲಿಂಗಪೂಜೆಯಲ್ಲಿ ಮನಸ್ಸು ನಿಲ್ಲುವುದಿಲ್ಲವೆಂದು ಅತ್ತಾಗ ನೀವು, "ಯಾರು ಕರೆದ್ರೂ ಏಳಬ್ಯಾಡವ್ವ" ಅಂದಿದ್ದಿರಿ. ಸೋಮವಾರ ಹಾಗೆಯೇ ಕೂತಿದ್ದೆ. ಅತ್ತೆ ಕುಡಿಯುವ ನೀರಿಗೆ ಎರಡು ಸಲ ಕರೆದರು. ನಾನು ಅಂಗೈಯ ಲಿಂಗದಿಂದ ಕಣ್ಣು ತೆಗೆಯಲಿಲ್ಲ. ಅವರೇ ಎದ್ದು ಕೊಡದ ಹತ್ತಿರ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡರು. ಈಗ ಲಿಂಗಸುಗೂರಿನ ಆಸ್ಪತ್ರೆಯಲ್ಲಿದ್ದಾರೆ.

ನೋಡಲು ಬಂದವರಿಗೆಲ್ಲ ಅತ್ತೆ, "ಆಕಿ ಪೂಜಿಗೆ ಕುಂತಿದ್ಲು, ಪಾಪ, ನಾ ಕರ್ದಿದ್ದು ಕೇಳಿಲ್ಲ" ಅನ್ನುತ್ತಾರೆ.

ಕೇಳಿತ್ತು ತಾತ. ಎರಡು ಸಲವೂ ಕೇಳಿತ್ತು. ಇದನ್ನು ನನ್ನ ಗಂಡನಿಗೂ ಹೇಳಿಲ್ಲ. ಈಗ ಪೂಜೆಗೆ ಕೂತರೆ ಕಣ್ಣೆದುರು ಲಿಂಗವಿದ್ದರೂ ಕಿವಿಯಲ್ಲಿ ಅವರ ದನಿಯೇ ಇರುತ್ತದೆ.

ಗುರುವಾರ ನೀವು ಅವರನ್ನು ನೋಡಲು ಬರುತ್ತೀರಂತೆ. ದಯವಿಟ್ಟು ಅವರೆದುರು ನನ್ನ ಭಕ್ತಿಯನ್ನು ಹೊಗಳಬೇಡಿ.

ನಿಮ್ಮ ಮಗಳಂಥವಳು,
ಮಹೇಶ್ವರಿ