ಹದಿನಾಲ್ಕು ಗಂಟೆಗೆ ಹದಿನಾಲ್ಕು ಚೀಲ

ಮಗನ ಮನೆ, ಮೂರನೇ ಮಹಡಿ,
ಅಡುಗೆಮನೆಯ ಮೇಜು (ಇರುವುದೇ ಒಂದು),
ತಾರೀಖು ಒಂಬತ್ತು, ಬೆಳಿಗ್ಗೆ

ಪ್ರೀತಿಯ ಕತ್ತರಿ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಎರಡನೇ ಮಷಿನ್ನಿನ ಬೆಲ್ಟು ಮತ್ತೆ ಜಾರುತ್ತಿದೆಯೇ? ಶಾಲೆಯವರ ಇನ್ನೂರು ಸ್ಕರ್ಟು ಮುಗಿಯದೆ ಅಂಗಡಿ ಬಿಟ್ಟು ಎಲ್ಲಿಗೂ ಬರಲ್ಲ ಎಂದು ಕೂತವಳು ನೀನು, ಈಗ ಎಷ್ಟಕ್ಕೆ ಬಂತು? ಮಾತ್ರೆಯನ್ನು ದಯವಿಟ್ಟು ಮಾತ್ರೆಯ ಡಬ್ಬದಲ್ಲೇ ಇಡು. ಹೋದ ವರ್ಷದ ಹಾಗೆ ಅಂಗಿಗುಂಡಿಗಳ ಡಬ್ಬದಲ್ಲಿ ಇಟ್ಟೆಯೋ, ಯಾವ ಮಗುವೋ ಎದೆಯ ಮೇಲೆ ಬಿ.ಪಿ. ಮಾತ್ರೆ ಹೊಲಿಸಿಕೊಂಡು ಶಾಲೆಗೆ ಹೋದೀತು. ನಾನು ಚೆನ್ನಾಗಿದ್ದೇನೆ. ಕಾಲಿನ ಊತ ಇಳಿದಿದೆ, ಸೊಂಟ ಮಾತ್ರ ಇನ್ನೂ ವಿಮಾನದ ಸೀಟಿನ ಆಕಾರದಲ್ಲೇ ಇದೆ. ಮೊಮ್ಮಕ್ಕಳಿಬ್ಬರೂ ಆರಾಮ. ಇಷ್ಟು ಓದಿ ಕಾಗದ ಮಡಿಚಿಡಬೇಡ, ವಿಷಯ ಮುಂದಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಗೆ ಎರಡೇ ಕೋಣೆ. ಒಂದರಲ್ಲಿ ಕೆಮ್ಮಿದರೆ ಇನ್ನೊಂದರಿಂದ ನೀರು ತಂದುಕೊಡುತ್ತಾರೆ. ಮೇಲಾಗಿ ನೀನೇ ಅಂದಿದ್ದೆ, “ನಿಮ್ಮ ಬಾಯಿಮಾತು ನಾನು ನಂಬಲ್ಲ, ಬರ್ದು ಕಳ್ಸಿ” ಅಂತ. ಸರಿ. ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವನು ನಾನು. ‘ಇಲ್ಲಿ ಎಲ್ಲವೂ ತಾಜಾ’ ಎಂದು ಬಣ್ಣದಲ್ಲಿ ಬೇಕಾದಷ್ಟು ಸುಳ್ಳು ಬರೆದಿದ್ದೇನೆ, ಆದರೆ ನಿನಗೆ ಪೆನ್ನಿನಲ್ಲಿ ಬರೆದಿಲ್ಲ.

ಮಗ, ಮಕ್ಕಳು, ನಾನು ಸೊಸೆಯಿರುವ ಈ ಪರದೇಶಕ್ಕೆ ಹೊರಡುವ ಹಿಂದಿನ ದಿನ ನೀನು ಕೊಟ್ಟ ಆಜ್ಞೆಯನ್ನು ಅಕ್ಷರ ಬಿಡದೆ ಇಲ್ಲಿ ಹಾಕುತ್ತೇನೆ, ಆಮೇಲೆ ಹಾಗಂದೇ ಇಲ್ಲ ಅನ್ನಬೇಡ. “ದಾರೀಲಿ ಅವ್ನು ಮಕ್ಕಳನ್ನ ಹೇಗೆ ನೋಡ್ಕೋತಾನೆ ನೋಡಿ. ನೀವು ಕೈ ಹಾಕ್ಬೇಡಿ. ಅವನ ಕೈಲಿ ಆಗಲ್ಲ ಅನ್ನಿಸಿದ್ರೆ ಚಿಕ್ಕದನ್ನ ನಿಮ್ಮ ಜೊತೆ ವಾಪಸ್ ಕರ್ಕೊಂಡು ಬನ್ನಿ, ಇನ್ನೆರಡು ವರ್ಷ ನನ್ನ ಹತ್ರಾನೇ ಇರ್ಲಿ.” ಅದಕ್ಕೇ ತಾನೇ ಇಪ್ಪತ್ತೆಂಟನೇ ತಾರೀಖಿಗೆ ನನ್ನ ಪಕ್ಕದಲ್ಲಿ ನಮ್ಮ ಚಿಕ್ಕ ಮೊಮ್ಮಗಳು ಗುಂಡಿಗೂ ಒಂದು ಸೀಟು ಹಿಡಿಸಿದ್ದು. ನಿನ್ನ ಮಾತು ತೆಗೆದುಹಾಕುವಂಥದ್ದೂ ಅಲ್ಲ. ಸೊಸೆ ಇಲ್ಲಿಗೆ ಬಸ್ಸು ಓಡಿಸಲು ಬಂದು ಎಂಟು ತಿಂಗಳಾಯಿತು. ಮಗನೋ ಜನರ ಮನೆ ಸಾಮಾನು ತುಂಬಿದ ಲಾರಿಯ ಜೊತೆ ವಾರಗಟ್ಟಲೆ ಊರೂರು ಅಲೆಯುವವನು. ಎರಡು ವರ್ಷದ ಗುಂಡಿ ನಿನ್ನ ಕಾಲುಮಷಿನ್ನಿನ ಪಕ್ಕ, ಬಟ್ಟೆಚೂರುಗಳ ಗುಡ್ಡೆಯ ಮೇಲೇ ಬೆಳೆದವಳು. ಅವಳಿಗೆ ಅಪ್ಪನಿಗಿಂತ ನಿನ್ನ ಇಸ್ತ್ರಿಪೆಟ್ಟಿಗೆಯ ಪರಿಚಯ ಹೆಚ್ಚು. ನಮ್ಮ ಪ್ಯಾಸೆಂಜರ್ ಏನೂ ವಾದ ಮಾಡಲಿಲ್ಲ, ನೆನಪಿದೆಯಾ? (ಪ್ಯಾಸೆಂಜರ್ ರೈಲಿನ ಹಾಗೆ ಎಲ್ಲಾ ಕಡೆ ನಿಂತು ನಿಂತು ಬರುತ್ತಾನೆಂದು ಮಗನಿಗೆ ಹತ್ತನೇ ವಯಸ್ಸಿನಲ್ಲಿ ನಾನಿಟ್ಟ ಹೆಸರು. ಈ ಸಲ ನಿಜವಾಗಿಯೂ ಪ್ಯಾಸೆಂಜರ್ ಆದ ಎಂದು ವಿಮಾನ ನಿಲ್ದಾಣದಲ್ಲಿ ಹೇಳಿ ನಾನೊಬ್ಬನೇ ನಕ್ಕೆ.) “ಆಯ್ತಮ್ಮ, ಅಪ್ಪ ಏನು ಹೇಳ್ತಾರೋ ಅದೇ” ಎಂದು ಪೆಟ್ಟಿಗೆಗೆ ಟೇಪು ಅಂಟಿಸುವುದನ್ನು ಮುಂದುವರಿಸಿದ.

ಈಗ ವಿಮಾನ. ವಿಶೇಷವಾಗಿ ಮಾನ ಹೋಗುವ ಜಾಗಕ್ಕೆ ವಿಮಾನ ಎನ್ನುತ್ತಾರೆಂದು ಈ ವಯಸ್ಸಿನಲ್ಲಿ ತಿಳಿಯಿತು. ಮುಂದಿನವನು ಸೀಟು ಹಿಂದಕ್ಕೆ ಬಾಗಿಸಿ ನಿನಗೆ ನಮಿಸುತ್ತಾನೆ, ನೀನು ನಿನ್ನ ಹಿಂದಿನವನಿಗೆ ನಮಿಸುತ್ತೀಯ. ಎಲ್ಲರೂ ಏಕವಾಗಿ ನಮಿಸುವುದರಿಂದ ಎಕಾನಮಿ. ಕಾಲಿಗೆ ಖಾಲಿ ಜಾಗವೇ ಇಲ್ಲ. ನಮಗೆ ಸಿಕ್ಕಿದ್ದು ನಡುವಿನ ಸಾಲಿನ ನಾಲ್ಕು ಸೀಟು: ಒಂದು ತುದಿಗೆ ಮಗ, ಪಕ್ಕದಲ್ಲಿ ಗುಂಡಿ, ಆಮೇಲೆ ಐದು ವರ್ಷದ ನಮ್ಮ ವಕೀಲಮ್ಮ, ಇನ್ನೊಂದು ತುದಿಗೆ ನಾನು. ವಕೀಲಮ್ಮ ಕೂತ ಕೂಡಲೇ ಅಡ್ಡಪ್ರಶ್ನೆ ಶುರುಮಾಡಿದಳು. “ತಾತ, ಕೆಳಗಡೆ ಏನೂ ಇಲ್ದೆ ಇದು ಯಾವುದರ ಮೇಲೆ ನಿಂತಿದೆ?” ಟಿಕೆಟ್ಟಿನ ಮೇಲೆ ಎಂದೆ. ಒಪ್ಪಲಿಲ್ಲ.

ಎಲ್ಲರೂ ಒಳಗೆ ನುಗ್ಗಲು ಸಾಲು ನಿಂತಿದ್ದಾಗ ನಮ್ಮವನು ನಿಲ್ಲಲಿಲ್ಲ ಕಣೇ. ಕೊನೆಯವರೆಗೂ ಆ ಉದ್ದ ಹಜಾರದಲ್ಲಿ ಇಬ್ಬರಿಂದಲೂ ಬ್ಯಾಗು ತಳ್ಳಿಸಿ, ಓಡಿಸಿ, ಬೆವರಿಳಿಸಿದ. “ಒಳಗ್ ಹೋದ್ಮೇಲೆ ಹದಿನಾಲ್ಕು ಗಂಟೆ ಕೂರ್ಬೇಕು, ಈಗ್ಲೇ ಯಾಕಪ್ಪಾ ಕೂರ್ಸೋದು?” ಎಂದ. ಒಳಗೆ ಹೋದೊಡನೆ ಗುಂಡಿಯ ಬೂಟು ಬಿಚ್ಚಿ, ಮುಂದಿನ ಸೀಟಿನ ದಪ್ಪ ಕನ್ನಡಕದವರ ಹತ್ತಿರ ಬಗ್ಗಿ, “ಸರ್, ಮಗು ಸೀಟಿಗೆ ಒದ್ರೆ ನನಗೆ ಹೇಳಿ, ನಾನು ನೋಡ್ಕೋತೀನಿ” ಎಂದ. ಜಗಳಕ್ಕೆ ಮೊದಲೇ ರಾಜಿ ಮಾಡಿಕೊಂಡವನನ್ನು ನಾನು ಮೊದಲ ಸಲ ನೋಡಿದ್ದು. ಆ ಮನುಷ್ಯ ಆಮೇಲೆ ಎಷ್ಟು ಒದೆ ತಿಂದರೂ ತಿರುಗಿ ನಗುತ್ತಲೇ ಇದ್ದರು.

ಇನ್ನು ಆ ಚೀಲಗಳು. “ಹದಿನಾಲ್ಕು ಸಣ್ಣ ಚೀಲ ಯಾಕೋ ನಿನಗೆ?” ಎಂದು ಬೈಯುತ್ತಲೇ ಹೊಲಿದುಕೊಟ್ಟೆಯಲ್ಲ, ಗಂಟೆಗೊಂದರಂತೆ ಅವನ್ನು ತುಂಬಿದ್ದ. ಒಂದರಲ್ಲಿ ಅಂಟಿಸುವ ಚಿತ್ರ, ಒಂದರಲ್ಲಿ ಬಿಸ್ಕತ್ತು, ಒಂದರಲ್ಲಿ ಬದಲಿ ಚಡ್ಡಿ ಮತ್ತು ಹೊಸ ಕ್ರೇಯಾನು. ಮೊದಲು ಬೇಕಾದದ್ದು ಕೊನೆಗೆ ತುಂಬಬೇಕು, ಅದು ಅವನ ಕಸುಬಿನ ನಿಯಮವಂತೆ. ನಾನು ಮದುವೆಮನೆಗಳಲ್ಲಿ ಮಗ ಏನು ಮಾಡ್ತಾನೆ ಎಂದು ಕೇಳಿದವರಿಗೆಲ್ಲ “ಡಬ್ಬಕ್ಕೆ ಹಾಕಿ ಮುಚ್ತಾನೆ” ಎಂದು ಹೇಳಿ ನಗಿಸುತ್ತಿದ್ದೆ. ಅವನೂ ಅಲ್ಲೇ ನಿಂತು ನಗುತ್ತಿದ್ದ.

ಹೊರಡುವ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ನಾನು ನಾಲ್ಕರಿಂದ ಒಂಬತ್ತರವರೆಗಿನ ಚೀಲ ಬಿಚ್ಚಿ, ಒಳಗಿದ್ದದ್ದನ್ನೆಲ್ಲ ನನ್ನ ದೊಡ್ಡ ಸೂಟ್‌ಕೇಸಿಗೆ ಸುರಿದು, ಅವುಗಳಲ್ಲಿ ಆಲೂಗಡ್ಡೆ, ನಿನ್ನ ಹಳೇ ಅಳತೆ ಟೇಪು, ಕೂದಲುದುರಿದ ನನ್ನ ಬ್ರಷ್ಷು, ಹಳೇ ಪೇಪರು, ಇಂಥವನ್ನು ತುಂಬಿದೆ. ಬೈಯಬೇಡ, ಇನ್ನೂ ಬೈಯುವುದು ಮುಂದಿದೆ.

ನಾಲ್ಕನೇ ಗಂಟೆಗೆ ನಾಲ್ಕನೇ ಚೀಲ ಬಿಚ್ಚಿದ. ಆಲೂಗಡ್ಡೆ ನೋಡಿದ. ನನ್ನನ್ನು ನೋಡಿದ. ನಾನು ಚಾವಣಿ ನೋಡಿದೆ. ವಕೀಲಮ್ಮ, “ಅಪ್ಪಾ, ಇದು ಆಲೂಗಡ್ಡೆ” ಎಂದು ಆಕ್ಷೇಪ ಎತ್ತಿದಳು. ಅವನು ಕಣ್ಣು ಕೂಡ ಮಿಟುಕಿಸದೆ, “ಶ್, ಹಾಗನ್ಬೇಡ, ಬೇಜಾರ್ ಮಾಡ್ಕೋತಾರೆ. ಇವರು ಮೊದಲ್ನೇ ಸಲ ವಿಮಾನ ಹತ್ತಿರೋದು, ತುಂಬಾ ಭಯ ಅಂತೆ” ಎಂದ. ಅಷ್ಟೇ. ಆಲೂಗಡ್ಡೆಗೆ ಪೆನ್ನಿನಲ್ಲಿ ಕಣ್ಣು ಬಂತು, ಮೀಸೆ ಬಂತು, ಬೆಲ್ಟು ಬಂತು. ಊಟ ಹಂಚುವ ಗಗನಸಖಿ, ಅಲ್ಲ, ಗಡ್ಡವಿದ್ದದ್ದರಿಂದ ಗಗನಸಖ, ಅದಕ್ಕೂ ಒಂದು ಲೋಟ ನೀರು ಕೊಟ್ಟ. ಗುಂಡಿ ಅದಕ್ಕೆ ಧೈರ್ಯ ಹೇಳುತ್ತಾ ತನ್ನ ಭಯ ಮರೆತಳು. ಅಳತೆ ಟೇಪು ಬಂದ ಗಂಟೆ ನನ್ನ ಹೊಟ್ಟೆ, ಕನ್ನಡಕದವರ ಕಿವಿ, ಗಗನಸಖನ ಗಡ್ಡ ಎಲ್ಲದರ ಅಳತೆಯಾಯಿತು. ಬ್ರಷ್ಷಿಗೆ ನೀರು ಅದ್ದಿ ಊಟದ ಹಲಗೆಯ ಮೇಲೆ ಬರೆದರು, ಒಣಗಿತು, ಮತ್ತೆ ಬರೆದರು. ನಲವತ್ತು ವರ್ಷ ನಾನು ಬರೆದದ್ದು ಒಣಗಲಿ ಎಂದು ಕಾದವನು. ಒಣಗಿ ಹೋಗುವುದರಲ್ಲೂ ಇಷ್ಟು ಖುಷಿ ಇದೆ ಎಂದು ಗೊತ್ತಿರಲಿಲ್ಲ.

ನಾನೇ ತಡೆಯಲಾರದೆ ಕೇಳಿದೆ, “ಏನೋ, ಪ್ಯಾಕಿಂಗ್‌ನಲ್ಲಿ ಏನೋ ಎಡವಟ್ಟಾದ ಹಾಗಿದೆ?” ಅವನು ನಕ್ಕ. “ಮನೆ ಬಾಗ್ಲಲ್ಲಿ ಬ್ಯಾಗ್ ಎತ್ತಿದಾಗ್ಲೇ ಗೊತ್ತಾಯ್ತಪ್ಪಾ. ನಾನು ತುಂಬಿದ್ದಕ್ಕಿಂತ ಒಂದು ಕೇಜಿ ಜಾಸ್ತಿ ಇತ್ತು.” ಮತ್ತೆ ಯಾಕೆ ಬಿಚ್ಚಿ ನೋಡಲಿಲ್ಲ ಎಂದೆ. “ನೀವು ಹಾಕಿದ್ದು ತಾನೇ? ಮಕ್ಕಳು ನಗೋವಂಥದ್ದೇ ಇರುತ್ತೆ ಅಂತ ಬಿಟ್ಟೆ.”

ಕತ್ತರಿ, ಆ ಮಾತಿಗೆ ನಾನು ಮುಂದಿನ ಸೀಟಿನ ಜೇಬಿನ ಪುಸ್ತಕ ತೆಗೆದು ಮುಖಕ್ಕೆ ಅಡ್ಡ ಹಿಡಿದೆ. ಯಾಕೆಂದರೆ ಒಂಬತ್ತನೇ ಚೀಲದಲ್ಲಿ ಅವನು ಇಟ್ಟಿದ್ದದ್ದು ಗುಂಡಿಯ ನೀಲಿ ಚೂರು, ಅವಳು ಕೆನ್ನೆಗೆ ಒತ್ತಿಕೊಂಡು ಮಲಗುವ ಆ ಲೈನಿಂಗ್ ಬಟ್ಟೆ. ಅದನ್ನೂ ತೆಗೆದು ಸೂಟ್‌ಕೇಸಿಗೆ ಹಾಕಿದ್ದೆ. ಆ ಸೂಟ್‌ಕೇಸು ಈಗ ನಮ್ಮ ಕಾಲಡಿ ಎಲ್ಲೋ, ವಿಮಾನದ ಹೊಟ್ಟೆಯಲ್ಲಿತ್ತು. ಆಲೂಗಡ್ಡೆ ತಮಾಷೆ. ನೀಲಿ ಚೂರು ತಮಾಷೆಯಲ್ಲ. ಅವನು ಸೋಲಲಿ, ಮಗು ನನ್ನ ಜೊತೆ ವಾಪಸ್ ಬರಲಿ ಎಂದೇ ತೆಗೆದದ್ದು. ಬೆಳಿಗ್ಗೆ ಎದ್ದು ಬಂದು ನನ್ನ ಹೊಟ್ಟೆಯ ಮೇಲೆ ಹತ್ತಿ ಕೂರುವ ಆ ಮಗುವನ್ನು ಬಿಟ್ಟು ಹೇಗೆ ಇರಲಿ? ನೀನಾದರೂ ಬಾಯಿಬಿಟ್ಟು ಕೇಳಿದೆ. ನಾನು ಕಳ್ಳನ ಹಾಗೆ ಮಾಡಿದೆ.

ಒಂಬತ್ತನೇ ಗಂಟೆ ಬಂತು. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಕಿಟಕಿ ಮುಚ್ಚಿಸಿ, ದೀಪ ಆರಿಸಿ, ಎಲ್ಲರೂ ಮಲಗಿ ಎಂದರು. ಗುಂಡಿ ಕೈ ಚಾಚಿದಳು. ಅವನು ಚೀಲ ತಡಕಿದ, ಬ್ಯಾಗಿನ ಎಲ್ಲಾ ಜೇಬು ತಡಕಿದ. ಅವಳು ಶುರುಮಾಡಿದಳು ನೋಡು. “ಅಜ್ಜೀ, ಅಜ್ಜೀ” ಎಂದು ಹೊರಳಾಡಿ ಅತ್ತಳು. ಅರ್ಧ ಗಂಟೆ. ಯಾರೋ ನಿಟ್ಟುಸಿರು ಬಿಟ್ಟರು, ಯಾರೋ ಕಂಬಳಿ ಕಿವಿಗೆಳೆದುಕೊಂಡರು. ನಾನು ಎತ್ತಿಕೊಂಡೆ, ತಟ್ಟಿದೆ, ಬೆಕ್ಕಾದೆ, ನಾಯಿಯಾದೆ. ನನ್ನ ಎದೆಗೇ ಒದ್ದಳು. ಅಂದುಕೊಂಡದ್ದೇ ಆಯಿತಲ್ಲ, ಆದರೂ ಸಂತೋಷವಾಗಲಿಲ್ಲ, ವಿಮಾನದಿಂದ ಇಳಿದು ಹೋಗೋಣ ಅನ್ನಿಸಿತು.

ಆಗ ಅವನು, “ಕೊಡಿ ಅಪ್ಪಾ” ಎಂದು ಅವಳನ್ನು ಎತ್ತಿಕೊಂಡು, ಹಿಂದೆ ಊಟದ ಗಾಡಿಗಳನ್ನು ನಿಲ್ಲಿಸುವ ಸಂದಿಗೆ ಹೋದ. ವಕೀಲಮ್ಮ ನಿದ್ದೆ ಹೋಗಿದ್ದಳು, ನಾನು ಹಿಂದೆಯೇ ಹೋಗಿ ಪರದೆಯ ಆಚೆ ನಿಂತೆ. ಅವನು ಸುಮ್ಮನಿರು ಅನ್ನಲಿಲ್ಲ. ಮಡಿಸುವ ಸೀಟಿನ ಮೇಲೆ ಕೂತು, ಅವಳನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಪಾದ ನೆಲಕ್ಕೂರಿ, ಹಿಮ್ಮಡಿ ಒಮ್ಮೆ, ತುದಿ ಒಮ್ಮೆ, ಹಿಮ್ಮಡಿ ಒಮ್ಮೆ, ತುದಿ ಒಮ್ಮೆ ಒತ್ತತೊಡಗಿದ. ಬಾಯಲ್ಲಿ ಸಣ್ಣಗೆ “ಟಕಟಕ ಟಕಟಕ” ಎನ್ನುತ್ತಿದ್ದ. ನಡುವೆ ನಿಲ್ಲಿಸುತ್ತಿದ್ದ, ನೀನು ಬಟ್ಟೆ ತಿರುಗಿಸುವಾಗ ನಿಲ್ಲಿಸುವಷ್ಟೇ ಹೊತ್ತು. ಮತ್ತೆ “ಟಕಟಕ.” ನಿನ್ನ ಕಾಲುಮಷಿನ್ನು ಕಣೇ! ಸಮುದ್ರದ ಮೇಲೆ, ಮೋಡದ ಮೇಲೆ, ನಿನ್ನ ಮಷಿನ್ನು ಅವನ ಕಾಲಲ್ಲಿ ಓಡುತ್ತಿತ್ತು. ಅವನೂ ಅದೇ ಬಟ್ಟೆಚೂರಿನ ಗುಡ್ಡೆಯ ಮೇಲೆ ಮಲಗಿ ಬೆಳೆದವನಲ್ಲವೇ, ನಮಗಿಬ್ಬರಿಗೂ ಅದು ಮರೆತೇಹೋಗಿತ್ತು. ಹತ್ತು ನಿಮಿಷದಲ್ಲಿ ಅವಳ ಮುಷ್ಟಿ ಸಡಿಲವಾಯಿತು. ಗಗನಸಖ ಗಾಡಿ ತಳ್ಳಲು ಬಂದವನು ಅದನ್ನು ಹಿಡಿದುಕೊಂಡೇ ನಿಂತುಬಿಟ್ಟ. ಅದಾದ ಮೇಲೆ ಎರಡೂವರೆ ಗಂಟೆ ಅವನು ಪಾದ ನಿಲ್ಲಿಸಲಿಲ್ಲ. ನಾನು ಎಣಿಸಿದೆ, ಕಾಲು ಬದಲಾಯಿಸಿದ್ದು ಮೂರೇ ಸಲ.

ಇಳಿದ ಮೇಲೆ ಸೂಟ್‌ಕೇಸು ಬರುವ ಪಟ್ಟಿಯ ಪಕ್ಕ ನಿಂತಾಗ ಅವನೇ ಹೇಳಿದ, “ಆ ನೀಲಿ ಬಟ್ಟೆ ನಾನೇ ಎಲ್ಲೋ ಬಿಟ್ಟೆ ಅನ್ಸುತ್ತೆ ಅಪ್ಪಾ, ಅಮ್ಮಂಗೆ ಹೇಳ್ಬೇಡಿ.” ನನಗೆ ತಡೆಯಲಾಗಲಿಲ್ಲ. ಅಲ್ಲೇ ಸೂಟ್‌ಕೇಸು ಬಿಚ್ಚಿ ತೆಗೆದುಕೊಟ್ಟೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ. ಬೈದಿದ್ದರೆ ಹಗುರವಾಗುತ್ತಿತ್ತು. “ನಿಮಗೂ ಅವಳನ್ನ ಬಿಟ್ಟಿರಕ್ಕೆ ಆಗಲ್ಲ, ಅಲ್ವಾ?” ಎಂದಷ್ಟೇ ಅಂದು ನನ್ನ ಸೂಟ್‌ಕೇಸನ್ನೂ ತಾನೇ ಎಳೆದುಕೊಂಡು ನಡೆದ. ಹೊರಗೆ ಸೊಸೆ ಡ್ಯೂಟಿಯ ಬಟ್ಟೆಯಲ್ಲೇ ಓಡಿಬಂದಳು. ವಕೀಲಮ್ಮ ಕೊರಳಿಗೇ ಹಾರಿದಳು. ಎಂಟು ತಿಂಗಳು ಅಮ್ಮನನ್ನು ಫೋನಿನಲ್ಲಷ್ಟೇ ನೋಡಿದ್ದ ಗುಂಡಿ ಹೆದರಿ ಅಡಗಿಕೊಂಡಳು. ಅಡಗಿದ್ದು ನನ್ನ ಕಾಲ ಹಿಂದೆ ಅಲ್ಲ, ಅವನ ಕಾಲ ಹಿಂದೆ. ಅಲ್ಲಿಂದಲೇ ಇಣುಕಿ ಇಣುಕಿ, ಕಾರು ಹತ್ತುವಷ್ಟರಲ್ಲಿ ಅಮ್ಮನ ಬೆರಳು ಹಿಡಿದಿದ್ದಳು.

ಈಗ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ: ಸೊಸೆಯ ಬಸ್ಸು ಬೆಳಿಗ್ಗೆ, ಅವನ ಹೊಸ ಕೆಲಸ ಮಧ್ಯಾಹ್ನದ ಮೇಲೆ, ಮಕ್ಕಳು ಯಾವ ಹೊತ್ತಿಗೆ ಯಾರ ಹತ್ತಿರ ಎಂದು. ಅಕ್ಷರ ಕೆಟ್ಟದಾಗಿತ್ತು, ನಾನು ಬಣ್ಣ ತಂದು ದೊಡ್ಡದಾಗಿ ಬರೆದುಕೊಟ್ಟೆ. ನಿನ್ನೆ ಕೆಳಗಿನ ಅಂಗಡಿಯವನು ನಿಮ್ಮ ಮಗ ಏನು ಮಾಡ್ತಾರೆ ಎಂದು ಕೈಸನ್ನೆಯಲ್ಲಿ ಕೇಳಿದ. ಡಬ್ಬ ಮುಚ್ಚುವುದನ್ನು ತೋರಿಸಲಿಲ್ಲ. ಎದೆ ತಟ್ಟಿ, ಎರಡು ಕೈಯನ್ನೂ ಅಗಲ ಮಾಡಿ, ಇಷ್ಟು ದೊಡ್ಡ ಕೆಲಸ ಎಂದು ತೋರಿಸಿದೆ. ಪೈಲಟ್ ಅಂದುಕೊಂಡನೋ ಏನೋ, ನಾನು ತಿದ್ದಲಿಲ್ಲ.

ಮೂರೂ ಮಷಿನ್ನುಗಳಿಗೆ ನನ್ನ ಸಲಾಮು. ನಿನ್ನ ಮಂಡಿಗೆ ಎಣ್ಣೆ, ಮಷಿನ್ನಿಗೂ ಎಣ್ಣೆ, ಡಬ್ಬ ಅದಲುಬದಲು ಮಾಡಬೇಡ. ಮೊಮ್ಮಕ್ಕಳು ನಿನಗೆ ಈ ಹಾಳೆಯ ಮೂಲೆಗೆ ಮುತ್ತು ಕೊಟ್ಟಿದ್ದಾರೆ. ಅಲ್ಲಿ ಜಿಡ್ಡಾಗಿದ್ದರೆ ಅದು ಬೆಣ್ಣೆ.

ಇಂತಿ ನಿನ್ನ,
ಬಣ್ಣ ಮಾಸದ ಮುದುಕ

ತಾ.ಕ.: ಸೊಸೆ ಬಸ್ಸಿಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಇದನ್ನು ಪೋಸ್ಟಿಗೆ ಕೊಡಬೇಕು, ಬೇಗ ಬರೆಯುತ್ತೇನೆ. ಗುಂಡಿಯ ವಾಪಸ್ ಸೀಟು ನಿನ್ನೆ ರದ್ದು ಮಾಡಿಸಿದೆ. ಇದನ್ನೂ ತಮಾಷೆ ಅಂದುಕೊಳ್ಳುತ್ತೀಯೆಂದು ರದ್ದಾದ ಚೀಟಿಯನ್ನೇ ಒಳಗಿಟ್ಟಿದ್ದೇನೆ, ನೋಡು. ಇಪ್ಪತ್ತೆಂಟಕ್ಕೆ ನಾನೊಬ್ಬನೇ ಬರುತ್ತೇನೆ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ. ಅವನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಿಗ್ಗೆ ಕಾಫಿ ತಂದಿಟ್ಟು ನನ್ನ ಮುಖ ನೋಡುತ್ತಾನೆ, ಏನೂ ಕೇಳದೆ ಲೋಟ ತೆಗೆದುಕೊಂಡು ಹೋಗುತ್ತಾನೆ. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಆದರೆ ನಾನು ಹೇಳಿದರೆ ನಂಬಲು ಮೂವತ್ತು ವರ್ಷದಲ್ಲಿ ಒಂದು ಕಾರಣವನ್ನೂ ನಾನು ಅವನಿಗೆ ಕೊಟ್ಟಿಲ್ಲ. ಈ ಕಾಗದ ಸಿಕ್ಕ ತಕ್ಷಣ ನೀನೇ ಫೋನ್ ಮಾಡು. ಮಗು ನಿನ್ನ ಹತ್ರಾನೇ ಇರ್ಲಿ ಕಣೋ ಅಂತ ಅವನಿಗೆ ನಿನ್ನ ಬಾಯಿಂದಲೇ ಹೇಳು.