ಬಂದೂಕಿಗೆ ಹಿಡಿಸಿದ ಗುಂಡು

ಮನೆ, ಮುಂದಿನ ಕೋಣೆ, ಹೊಲಿಗೆ ಮೆಷಿನ್ನಿನ ಪಕ್ಕ
ಭಾನುವಾರ, ಒಂಬತ್ತನೇ ತಾರೀಖು

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದ.

ಮೊದಲು ನಿನ್ನ ವಿಷಯ ಹೇಳು. ಹಡಗಿನಲ್ಲಿ ವಾಂತಿ ನಿಂತಿತೇ? ಊಟ ಸೇರುತ್ತಿದೆಯೇ? ಪಾಳಿ ಮುಗಿಸಿ ಬಂದು ನಿದ್ದೆ ಮಾಡುತ್ತೀಯೋ, ಇಲ್ಲ ಫೋನ್ ಹಿಡಿದುಕೊಂಡೇ ಬೆಳಗು ಮಾಡುತ್ತೀಯೋ? ನೀನು ಕಳಿಸಿದ ಫೋಟೋದಲ್ಲಿ ಕೆನ್ನೆ ಇಳಿದುಹೋಗಿದೆ. ಹಡಗಿನ ಕರೆಂಟು ನೋಡಿಕೊಳ್ಳುವವಳು ತನ್ನ ಮೈಯನ್ನೂ ಸ್ವಲ್ಪ ನೋಡಿಕೊಂಡರೆ ಹಡಗೇನೂ ಮುಳುಗುವುದಿಲ್ಲ. ನನ್ನ ಮಂಡಿನೋವು ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೇನೆ. ನಿನ್ನ ಗಂಡ ಚೆನ್ನಾಗಿದ್ದಾನೆ. ನೀರು ಹಾಕು ಎಂದು ಅವನಿಗೆ ಒಪ್ಪಿಸಿ ಹೋದ ಗಿಡಗಳು ಅಷ್ಟು ಚೆನ್ನಾಗಿಲ್ಲ; ಅದನ್ನು ಅವನನ್ನೇ ಕೇಳು. ಮನೆ ಮಾತ್ರ ಬಿಕೋ ಎನ್ನುತ್ತಿದೆ. ಜಗಳವಾಡೋಣ ಎಂದರೆ ಅವನು ಮೊದಲ ಮಾತಿಗೇ "ಆಯ್ತಮ್ಮ, ನೀನು ಹೇಳಿದ್ದೇ ಸರಿ" ಎಂದು ಕೈಚೆಲ್ಲುತ್ತಾನೆ. ನಿನ್ನ ಹಾಗೆ ವಾರಗಟ್ಟಲೆ ಎಳೆಯುವ ತಾಕತ್ತು ಅವನಿಗೆಲ್ಲಿ ಬರಬೇಕು? ನೀನಿಲ್ಲದೆ ನನಗೆ ಬೇಜಾರು. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ.

ಈಗ ನೀನು ತುದಿಗಾಲಲ್ಲಿ ಕಾಯುತ್ತಿರುವ ವಿಷಯ. ನೀನು ಹಡಗಿನಿಂದ ಇಳಿಯುವ ವಾರವೇ ಶೂಟಿಂಗ್ ಕ್ಲಬ್ಬಿನ ತಂಡಕ್ಕೆ ಆಯ್ಕೆ. ಆಮೇಲೆ ಪರೀಕ್ಷೆಗೆ ಸಮಯ ಸಿಗದು, ಅಷ್ಟರೊಳಗೆ ಹೊಸ ಬಂದೂಕಿಗೆ ಯಾವ ಗುಂಡು ಸರಿಹೋಗುತ್ತದೆಂದು ನೋಡಿಡಿ ಎಂದು ಗಂಡನಿಗೆ ವಹಿಸಿ ಹೋದೆ. ಜೊತೆಗೆ, ಚಿನ್ನದ ಬಣ್ಣದ ಡಬ್ಬಿಯದೇ ಗೆಲ್ಲುವುದು, ಚಾಂಪಿಯನ್ ಅದನ್ನೇ ಹಾಕುವುದು ಎಂದು ತೀರ್ಪನ್ನೂ ಕೊಟ್ಟೇ ಹೋದೆ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುವ ನಿನ್ನ ಗಂಡ ಒಬ್ಬನೇ ಹೋಗಲು ಹೆದರಿ ನನ್ನನ್ನೂ ಕರೆದುಕೊಂಡು ಹೋದ. ಬಂದೂಕು ಎಂದರೆ ಮೂಗು ಮುರಿಯುತ್ತಿದ್ದವಳು ನಾನು, ನಿನಗೇ ಗೊತ್ತು. ಕಬ್ಬಿಣಕ್ಕೆ ಎಂಥ ಇಷ್ಟಾನಿಷ್ಟ ಎಂದು ದಾರಿಯುದ್ದಕ್ಕೂ ನಕ್ಕೆ. ಆದರೆ ಒಂದೊಂದು ಬಂದೂಕಿಗೆ ಒಂದೊಂದು ಗುಂಡು ಹಿಡಿಸುತ್ತದೆ ಎಂದು ನಿಮ್ಮ ಕೋಚ್ ವಿವರಿಸುತ್ತಿದ್ದಂತೆ ನನ್ನ ಮೆಷಿನ್ ನೆನಪಾಯಿತು. ದುಬಾರಿ ರೇಷ್ಮೆ ದಾರ ಹಾಕಿದರೆ ಪಟ್ ಎಂದು ತುಂಡು ಮಾಡುತ್ತದೆ, ಸಾದಾ ದಾರ ಕೊಟ್ಟರೆ ಸರಾಗವಾಗಿ ಓಡುತ್ತದೆ. ಯಾಕೆ ಎಂದು ಕೇಳಿದರೆ ಅದನ್ನು ಮಾಡಿದವನಿಗೂ ಗೊತ್ತಿರಲಾರದು.

ಮೊದಲ ದಿನ ಒಂದು ಅಚಾತುರ್ಯ ನಡೆಯಿತು. ನಿನ್ನ ಗಂಡ ರಿಜಿಸ್ಟರಿನಲ್ಲಿ ಸಹಿ ಹಾಕಲು ಹೋಗಿದ್ದ. ಮೇಜಿನ ಮೇಲೆ ಬೇರೆ ಬೇರೆ ಬಣ್ಣದ ರಟ್ಟಿನ ಡಬ್ಬಿಗಳು, ಎಲ್ಲವೂ ಅರ್ಧರ್ಧ ಖಾಲಿ. ನೋಡಿದರೆ ಎಲ್ಲದರಲ್ಲೂ ಒಂದೇ ಗಾತ್ರದ, ಒಂದೇ ಥರದ ಪುಟಾಣಿ ಗುಂಡುಗಳು. ಇಷ್ಟು ಜಾಗ ಯಾಕೆ ದಂಡ ಎಂದು ಅಷ್ಟನ್ನೂ ಒಂದೇ ಬಿಸ್ಕತ್ತಿನ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಖಾಲಿ ಡಬ್ಬಿಗಳನ್ನು ಮಡಚಿ ಕಸದ ಬುಟ್ಟಿಗೆ ಹಾಕಿದೆ. ನನ್ನ ಕೆಲಸಕ್ಕೆ ನನಗೇ ಮೆಚ್ಚುಗೆಯಾಯಿತು. ಕೋಚ್ ಗುಂಡಿನ ಸದ್ದಿಗೆ ಯಾವಾಗಲೂ ಕಿವಿ ಮುಚ್ಚಿಕೊಂಡು ಕಿರುಚಿ ಮಾತಾಡುವವರಲ್ಲವೇ, ಡಬ್ಬಿ ತೆರೆದು ನೋಡಿದವರು ಪಿಸುಗುಟ್ಟಿದರು: "ಅಮ್ಮಾ, ಇದೇನ್ ಮಾಡ್ಬಿಟ್ರಿ?" ಪಿಸುಮಾತು ಕೇಳಿ ಇಡೀ ಹಾಲ್ ತಿರುಗಿ ನೋಡಿತು. ಯಾವ ಗುಂಡು ಯಾವ ಡಬ್ಬಿಯದು ಎಂದು ಗೊತ್ತಿಲ್ಲದ ಮೇಲೆ ಪರೀಕ್ಷೆ ಯಾವುದರದು? ಆ ಬಿಸ್ಕತ್ತಿನ ಡಬ್ಬಿಯನ್ನು ಅವರು ಬೀರುವಿನಲ್ಲಿಟ್ಟು ಬೀಗ ಹಾಕಿದರು, ಬೀಗದ ಕೈಯನ್ನು ನನ್ನ ಕಡೆ ನೋಡುತ್ತಲೇ ಜೇಬಿಗೆ ಹಾಕಿಕೊಂಡರು. ನಾವು ಎಲ್ಲವನ್ನೂ ಹೊಸದಾಗಿ ಕೊಂಡೆವು.

ಮುಂದಿನ ವಾರ ನಿನ್ನ ಗಂಡ ಬಂದೂಕನ್ನು ಮರಳು ಚೀಲದ ಮೇಲಿಟ್ಟು ಮಲಗಿದ. ನಟ್ಟನಡುವೆ ಬೀಳಬೇಕೆಂದೇನೂ ಇಲ್ಲ, ಎಲ್ಲವೂ ಒಂದೇ ಕಡೆ ಒತ್ತೊತ್ತಾಗಿ ಬಿದ್ದರೆ ಆ ಗುಂಡು ಬಂದೂಕಿಗೆ ಹಿಡಿಸಿತು ಎಂದು ಅರ್ಥವಂತೆ. ಇವನದು ಒತ್ತೊತ್ತಾಗಿರುವುದು ಹಾಗಿರಲಿ, ಒಂದೇ ಗುರಿ ಕಾಗದದ ಮೇಲೂ ಇರಲಿಲ್ಲ. ಬಂದೂಕಿನ ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ, ಮಹಾರಾಯ! ಪಕ್ಕದ ಸಾಲಿನ ಹಲ್ಲಿನ ಡಾಕ್ಟರು ತಮ್ಮ ಕಾಗದ ತಂದು ನೋಡಿದರೆ ಹೊಡೆದದ್ದಕ್ಕಿಂತ ತೂತು ಜಾಸ್ತಿ. ಅದರಲ್ಲಿ ಒಂದು ನಟ್ಟನಡುವೆ ಬಿದ್ದಿತ್ತು. ಅದು ತಮ್ಮದೇ ಎಂದು ಅವರು ಪಟ್ಟು ಹಿಡಿದರು. ಕೋಚ್ ಹಣೆ ಚಚ್ಚಿಕೊಂಡು "ಈ ಕೈಗೆ ಎಲ್ಲಾ ಗುಂಡೂ ಒಂದೇ ಕಣಯ್ಯಾ!" ಎಂದು ಕಿರುಚಿದರು. ತಾವೇ ಹೊಡೆಯೋಣವೆಂದರೆ ಅವರ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿದೆ. ಸುತ್ತಲೂ ನೋಡಿದರು. ನಾನು ಮೂಲೆಯಲ್ಲಿ ಕೂತು ಯಾರದೋ ಕೋಟಿಗೆ ಕಾಜಾ ಹೊಲಿಯುತ್ತಿದ್ದೆ. "ಅಮ್ಮಾ, ನೀವೇ ಬನ್ನಿ. ಸುರಿಯೋದೊಂದು ಬಿಟ್ಟು ಏನ್ ಬೇಕಾದ್ರೂ ಮಾಡಿ."

ಮಲಗುವುದೇನೋ ಮಲಗಿದೆ, ಎಬ್ಬಿಸಲು ಮಾತ್ರ ಇಬ್ಬರು ಬೇಕಾಯಿತು. ಆದರೆ ಮಲಗಿರುವಷ್ಟು ಹೊತ್ತು ಏನು ಹಾಯಾಗಿತ್ತು ಗೊತ್ತೇ! ಗಿರಾಕಿಯ ದುಬಾರಿ ಬಟ್ಟೆಗೆ ಕತ್ತರಿ ಇಡುವಾಗ ಉಸಿರು ಹಿಡಿಯುತ್ತೇನಲ್ಲ, ಹಾಗೇ ಹಿಡಿದು ಮೆಲ್ಲಗೆ ಒತ್ತಿದೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಕೆಲವನ್ನು ಲೆಕ್ಕಕ್ಕೆ ಹಿಡಿಯಬಾರದಂತೆ, ನಳಿಗೆಗೆ ಹೊಸ ಗುಂಡಿನ ಮೇಣ ಹತ್ತಿ ಅದು ಹೊಂದಿಕೊಳ್ಳುವ ತನಕ. ಹೊಸ ಮನೆಗೆ ಬಂದವರಿಗೂ ಅಷ್ಟು ಸಮಯ ಕೊಡಬೇಕು. ನಿನಗೆ ನಾನು ಕೊಟ್ಟೆನೋ ಇಲ್ಲವೋ ಎಂದು ಅಲ್ಲಿ ಮಲಗಿಕೊಂಡೇ ಯೋಚಿಸಿದೆ.

ಕೇಳು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಚಿನ್ನದ ಡಬ್ಬಿ ಸೋತಿತು. ಅದರ ಗುಂಡುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ದಿಕ್ಕಿಗೊಂದರಂತೆ ಹೋದವು. ಗೆದ್ದದ್ದು ಯಾರೂ ಮೂಸಿ ನೋಡದ ಬೂದು ಡಬ್ಬಿ. ಎಲ್ಲವೂ ಸೇರಿ ಒಂದೇ ತೂತು, ಅಂಗಿಯ ಬಟನ್ ಇಟ್ಟರೆ ಮುಚ್ಚಿಹೋಗುತ್ತದೆ. ನನ್ನ ಅದೃಷ್ಟವಿರಬಹುದೆಂದು ಮತ್ತೊಂದು ವಾರ ಹೋಗಿ ಎಲ್ಲವನ್ನೂ ಹೊಡೆದೆ. ಆಗಲೂ ಬೂದು ಡಬ್ಬಿಯೇ. ನೀನು ನಂಬುವುದಿಲ್ಲವೆಂದು ಕಾಗದಗಳನ್ನು ಜೊತೆಗಿಟ್ಟಿದ್ದೇನೆ, ಬಟನ್ನನ್ನೂ. ಅಂಗಡಿಯವರ ಹತ್ತಿರ, ನಾನು ಹೊಡೆದ ಡಬ್ಬಿ ತಯಾರಾದ ದಿನದ ಸರಕನ್ನೇ ಎತ್ತಿಡಿಸಿದ್ದೇನೆ. ಅದೇ ಕಂಪನಿ, ಅದೇ ಹೆಸರಾದರೂ ಇನ್ನೊಂದು ಸಲ ತಯಾರಾದದ್ದು ಬೇರೆ ಥರ ಹೋಗಬಹುದಂತೆ. ಒಂದೇ ನೀಲಿ ಎಂದು ಎರಡು ಥಾನಿನ ಬಟ್ಟೆ ತಂದು ಕೈ ಸುಟ್ಟುಕೊಂಡ ನನಗೆ ಇದನ್ನು ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಚಾಂಪಿಯನ್ ಏನು ಹಾಕುತ್ತಾಳೋ ಅದು ಅವಳ ಬಂದೂಕಿನ ಪಾಡು. ನೀನು ಹಟ ಮಾಡಿ ಚಿನ್ನದ್ದನ್ನೇ ಹಾಕಿ ಸೋತು ಬಂದರೆ ನನಗೆ ನೋಡಲಾಗುವುದಿಲ್ಲ. ಈ ಒಂದು ಸಲ ನನ್ನ ಮಾತು ಕೇಳು.

ನಿನ್ನ ಗಂಡ ನೆನಪು ಹೇಳಿದ್ದಾನೆ. ಕೋಚ್ ಕೂಡ, ಕಿರುಚಿಯೇ. ಸಮುದ್ರ ಶಾಂತವಾಗಿರಲಿ, ನಿನ್ನ ಕೈ ಗಟ್ಟಿಯಾಗಿರಲಿ, ಹೋದ ಹಾಗೆಯೇ ಇಡಿಯಾಗಿ ಮನೆಗೆ ಬಾ.

ನಿನ್ನ ದಾರಿ ನೋಡುತ್ತಿರುವ
ಅತ್ತೆ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇದೊಂದು ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದು ಬೇಡ. ಆಯ್ಕೆಗೆ ಕೋಚ್ ನನ್ನ ಹೆಸರನ್ನೂ ಬರೆದುಕೊಂಡಿದ್ದಾರೆ. ನಾನು ಬೇಡ ಅನ್ನಲಿಲ್ಲ. ನಿನ್ನದು ಬೆಳಗ್ಗೆ, ನನ್ನದು ಮಧ್ಯಾಹ್ನ, ಬಂದೂಕು ಒಂದೇ. ಅದರ ಹಿಡಿಯನ್ನು ನನ್ನ ಅಳತೆಗೆ ತಿರುಗಿಸಿಕೊಂಡಿದ್ದೇನೆ, ನೀನು ಬರುವ ಮೊದಲು ವಾಪಸ್ ಮಾಡಿಡುತ್ತೇನೆ. ನಿನ್ನ ತೋಳಿನ ಅಳತೆ ನನಗೆ ಬಾಯಿಪಾಠ. ಬೂದು ಡಬ್ಬಿಗಳನ್ನು ಸಮಪಾಲು ಮಾಡಿದ್ದೇನೆ, ಬೇಕಾದರೆ ಎಣಿಸಿಕೋ. ತಂಡದಲ್ಲಿ ಖಾಲಿ ಇರುವುದು ಒಂದೇ ಜಾಗ. ಅದಕ್ಕೇ ಹೇಳುತ್ತಿರುವುದು, ಹೊಟ್ಟೆ ತುಂಬ ತಿನ್ನು, ಕಣ್ಣು ತುಂಬ ನಿದ್ದೆ ಮಾಡು. ಬಡಕಲಾಗಿ ಬಂದ ಸೊಸೆಯನ್ನು ಸೋಲಿಸಿದರೆ ನನಗೇನು ಮರ್ಯಾದೆ?