ನಾಲ್ಕು ಕಿಲೋ ಕಡಿಮೆ

ಹಾಯಿ ಹೊಲಿಯುವ ಕೋಣೆ,
ಭಾನುವಾರ ಸಂಜೆ

ಮುದ್ದಿನ ಸೊಸೆಗೆ,

ಮೈ ಹೇಗಿದೆ? ಕಾಲಿನ ಊತ ಇಳಿಯಿತೇ? ಹೆರಿಗೆಯ ತನಕ ಓಡಾಡಬೇಡ ಎಂದ ಡಾಕ್ಟರ ಮಾತನ್ನು ನಿನ್ನಮ್ಮನ ಮನೆಯಲ್ಲಾದರೂ ಕೇಳು. ನೀನು ಸುಮ್ಮನೆ ಮಲಗುವ ಜೀವವಲ್ಲ, ಅದಕ್ಕೇ ಹೇಳಿದೆ. ಇಲ್ಲಿ ನಾವಿಬ್ಬರೂ ಕ್ಷೇಮ, ನಿನ್ನ ದೋಣಿಯೂ ಕ್ಷೇಮ.

ನಿನ್ನೆ ಪಂದ್ಯಕ್ಕೆ ಮುಂಚೆ ದೋಣಿಯನ್ನು ತೂಗಿದರು. ನೀನು ಎರಡು ವರ್ಷ ಉಜ್ಜಿ ಉಜ್ಜಿ ತೆಳುಮಾಡಿದ ಆ ಅವಳಿ ಒಡಲಿನ ದೋಣಿ ನಿಯಮದ ತೂಕಕ್ಕಿಂತ ನಾಲ್ಕು ಕಿಲೋ ಕಡಿಮೆ ಬಂತು. ಅಷ್ಟು ಭಾರ ಮತ್ತೆ ಹೇರಬೇಕು ಅಂದಾಗ ನಿನ್ನ ಗಂಡನ ಮುಖ ಸಪ್ಪಗಾಯಿತು. ಅವಳು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅಂತ ಗೊಣಗಿದ. ತೂಕ ನೋಡುವ ಹಿರಿಯರು ನಕ್ಕರು. ಕನಿಷ್ಠ ತೂಕ ಅಂತ ಒಂದಿಲ್ಲದಿದ್ದರೆ ಎಲ್ಲರೂ ಮೊಟ್ಟೆಯ ಚಿಪ್ಪಿನಂಥ ದೋಣಿ ತರುತ್ತಾರೆ, ಮೊದಲ ಅಲೆಗೇ ಚೂರಾಗುತ್ತದೆ ಅಂದರು. "ಹಗುರ ಇರೋದು ತಪ್ಪಲ್ಲಪ್ಪ. ಬೇರೆಯವರ ಭಾರ ದೋಣಿ ತುಂಬ ಹರಡಿದೆ. ನಿಮ್ಮ ನಾಲ್ಕು ಕಿಲೋ ಸೀಸವನ್ನ ನಿಮಗೆ ಬೇಕಾದ ಕಡೆ ಬಿಗೀಬಹುದು."

ತುದಿಗಳಲ್ಲಿ ಭಾರವಿದ್ದರೆ ದೋಣಿ ತೂಕಡಿಸುವವರ ಹಾಗೆ ತಲೆ ತೂಗುತ್ತದೆ ಎಂದು ನೀನು ಊಟದ ಮೇಜಿನ ಮೇಲೆ ಚಮಚ ಇಟ್ಟು ತೋರಿಸಿದ್ದೆಯಲ್ಲ, ಅದು ನೆನಪಾಯಿತು. ಸೀಸವನ್ನು ಎರಡೂ ಒಡಲನ್ನು ಜೋಡಿಸುವ ನಡುತೊಲೆಗೇ ಬಿಗಿಸಿದೆ.

ಅಷ್ಟರಲ್ಲಿ ನಿನ್ನ ಬದಲಿಗೆ ಬರಬೇಕಿದ್ದ ಗೆಳೆಯನಿಗೆ ಜ್ವರ ಅಂತ ಸುದ್ದಿ. ಜೊತೆಗಾರರಿಲ್ಲದೆ ದೋಣಿ ಬಿಡುವ ಹಾಗಿಲ್ಲ. ನಲವತ್ತು ವರ್ಷ ಹಾಯಿ ಹೊಲಿದರೂ ಪಂದ್ಯಕ್ಕಿಳಿದವಳಲ್ಲ ನಾನು. "ನಾನು ಬರ್ತೀನಿ" ಅಂದೆ. ನಿನ್ನ ಗಂಡ ಬೇಡ ಅನ್ನುವಷ್ಟರಲ್ಲಿ ಹತ್ತಿ ಕೂತಿದ್ದೆ.

ಪಕ್ಕದ ಶೆಡ್ಡಿನ ಮೀಸೆಯಣ್ಣ ನಿನ್ನ ದೋಣಿಯ ಉಬ್ಬಿದ ಮೂತಿ ನೋಡಿ, ಹಲ್ಲುನೋವಿನಿಂದ ಕೆನ್ನೆ ಊದಿದೆಯಾ ಅಂತ ತಮಾಷೆ ಮಾಡುತ್ತಿದ್ದನಲ್ಲ? ತಿರುವಿನಲ್ಲಿ ಗಾಳಿ ರೊಯ್ಯೆಂದು ಎದ್ದಾಗ ಅವನ ದೋಣಿಯ ಚೂಪು ಮೂತಿ ನೀರಿಗೆ ನುಗ್ಗಿ, ದೋಣಿ ಲಾಗ ಹೊಡೆಯಿತು. ನಮ್ಮ ದೋಣಿಯ ಮೂತಿಯೂ ಮುಳುಗಿತು, ನನ್ನ ಜೀವ ಬಾಯಿಗೆ ಬಂತು. ಆದರೆ ಕೆನ್ನೆಯವರೆಗೆ ಇಳಿದದ್ದು ಅಲ್ಲೇ ತಡೆದು ನಿಂತು, ನಿಧಾನಕ್ಕೆ ತಲೆಯೆತ್ತಿತು. ನಿನ್ನ ಹೆಸರು ಹಿಡಿದು ಕೂಗಿದೆನಂತೆ, ನನಗೆ ಗೊತ್ತೇ ಇಲ್ಲ. ಮೂರನೆಯವರಾಗಿ ಬಂದೆವು. ಮೀಸೆಯಿಂದ ನೀರು ಸುರಿಸುತ್ತಾ ಆ ಪುಣ್ಯಾತ್ಮ ನೇರ ನನ್ನ ಹತ್ತಿರ ಬಂದು, ಆ ಕೆನ್ನೆಯ ಅಳತೆ ನಿಮ್ಮ ಸೊಸೆ ನನಗೂ ಕೊಟ್ಟಾರಾ ಅಂತ ಕೇಳಿದ. ಅವಳನ್ನೇ ಕೇಳಪ್ಪ ಅಂದೆ, ಎದೆಯುಬ್ಬಿಸಿ.

ಬೀಗಿತ್ತಿಗೆ ನಮಸ್ಕಾರ ತಿಳಿಸು. ನಿನಗೂ ಹೊಟ್ಟೆಯಲ್ಲಿರುವ ಪುಟಾಣಿಗೂ ಮನಸಾರೆ ಹರಸುವ,

ಮೈಕೈ ನೋಯುತ್ತಿರುವ
ನಿನ್ನ ಅತ್ತೆ

ಮರೆತಿದ್ದೆ: ಮಗು ಬಂದಮೇಲೆ ನಾನು ದೋಣಿಯಲ್ಲಿನ ಆ ಜಾಗ ಬಿಟ್ಟುಕೊಡುವವಳಲ್ಲ. ನೀನು ಚುಕ್ಕಾಣಿ ಹಿಡಿ, ಹಾಯಿ ನಾನು ಎಳೆಯುತ್ತೇನೆ, ಮಗುವನ್ನೆತ್ತಿಕೊಂಡು ನಿನ್ನ ಗಂಡ ದಡದಲ್ಲಿರಲಿ. ಅವನಿಗೆ ಇನ್ನೂ ಹೇಳಿಲ್ಲ. ನಿನ್ನ ಮಾತಾದರೆ ಕೇಳುತ್ತಾನೆ, ನೀನೇ ಬರೆದುಬಿಡು.